ಜಡ್ಜ್‌ಗೆ ಮತ ಹಾಕುವುದು ಹೇಗೆ? ಬೀಡಿ ಕಟ್ಟುತ್ತಿದ್ದ ಕಾಸರಗೋಡಿನ ಹುಡುಗ ಟೆಕ್ಸಾಸ್‌ನಲ್ಲಿ ನ್ಯಾಯಾಧೀಶರಾದದ್ದು, ಮತ್ತು ನನ್ನ ಗೊಂದಲ

ಫೋರ್ಟ್‌ಬೆಂಡ್ ಗೌಡ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಪುರುಸೊತ್ತು ಮಾಡಿಕೊಂಡು ಓದಿ.

ನಾನು ಹಾಸನ ಜಿಲ್ಲೆಯವನು. ಹ್ಯೂಸ್ಟನ್ ಪಕ್ಕದ ಫೋರ್ಟ್ ಬೆಂಡ್ ಕೌಂಟಿಗೆ (ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ) ಬಂದು ಬಹಳ ವರ್ಷ ಆಯಿತು. ಪೌರತ್ವ ಸಿಕ್ಕ ಮೇಲೆ 2024ರ ನವೆಂಬರ್‌ನಲ್ಲಿ ಮೊದಲ ಸಲ ಮತ ಹಾಕಿದೆ. ಅಧ್ಯಕ್ಷರಿಗೆ, ಸೆನೆಟರ್‌ಗೆ ಒತ್ತುವುದು ಎರಡು ನಿಮಿಷದ ಕೆಲಸ. ಆಮೇಲೆ ಬಂತು ನೋಡಿ ಜಡ್ಜ್‌ಗಳ ಪಟ್ಟಿ. ಒಂದು ಪರದೆ ಮುಗಿದರೆ ಇನ್ನೊಂದು. ಒಬ್ಬರ ಹೆಸರೂ ಗೊತ್ತಿಲ್ಲ. ಹೆಸರಿನ ಪಕ್ಕದಲ್ಲಿ ಪಕ್ಷ ಇರುತ್ತದೆ, ಅಷ್ಟೇ. ಹಿಂದೆ ಸಾಲು ಕಾಯುತ್ತಿತ್ತು. ಪಕ್ಷ ನೋಡಿ ಒತ್ತುತ್ತಾ ಹೋದೆ. ಮನೆಗೆ ಬಂದ ಮೇಲೆ ಸಮಾಧಾನ ಆಗಲಿಲ್ಲ.

ಯಾಕೆ ಅಂದರೆ, ನಮ್ಮಪ್ಪ ಒಂದು ಬದುವಿನ ತಕರಾರಿಗೆ 14 ವರ್ಷ ಕೋರ್ಟಿಗೆ ಅಲೆದರು. ಅಷ್ಟು ದಿನದಲ್ಲಿ ಆರು ಜನ ಜಡ್ಜ್ ಬಂದು ಹೋದರು. ಸಾಕ್ಷಿ ಕೇಳಿದವರು ಒಬ್ಬರು, ವಾದ ಕೇಳಿದವರು ಇನ್ನೊಬ್ಬರು, ತೀರ್ಪು ಬರೆದವರು ಅಪ್ಪನ ಮುಖವನ್ನೇ ನೋಡಿರಲಿಲ್ಲ. ನಮ್ಮ ಕಡೆ ಹೇಳುತ್ತಾರಲ್ಲ, ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಅಂತ. ಅಪ್ಪ ಗೆದ್ದರು. ಗೆದ್ದು ಒಂದೂವರೆ ವರ್ಷಕ್ಕೆ ತೀರಿಕೊಂಡರು. ಆ ಕುರ್ಚಿಯಲ್ಲಿ ಯಾರು ಕೂರುತ್ತಾರೆ ಎನ್ನುವುದು ಒಂದು ಮನೆಗೆ ಎಷ್ಟು ದೊಡ್ಡ ವಿಷಯ ಅಂತ ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಈಗ ಆ ಕುರ್ಚಿಗೆ ಜನರನ್ನು ಆರಿಸುವ ಹಕ್ಕೇ ನನ್ನ ಕೈಗೆ ಬಂದಿದೆ, ನಾನು ಕಣ್ಣು ಮುಚ್ಚಿಕೊಂಡು ಒತ್ತಿ ಬಂದೆ.

ಆಮೇಲೆ ನಮ್ಮ ಕೌಂಟಿಯ ಜಡ್ಜ್‌ಗಳು ಯಾರು ಅಂತ ಹುಡುಕುತ್ತಾ ಕೂತೆ. 240ನೇ ಡಿಸ್ಟ್ರಿಕ್ಟ್ ಕೋರ್ಟಿಗೆ 2022ರಲ್ಲಿ ಗೆದ್ದವರು ಸುರೇಂದ್ರನ್ ಕೆ. ಪಟ್ಟೇಲ್. ಕಾಸರಗೋಡಿನವರು! ತಂದೆ ತಾಯಿ ಕೂಲಿ ಮಾಡುತ್ತಿದ್ದವರು. ಹತ್ತನೇ ತರಗತಿ ಆದ ಮೇಲೆ ಓದು ಬಿಟ್ಟು ಒಂದು ವರ್ಷ ಅಕ್ಕನ ಜೊತೆ ಬೀಡಿ ಕಟ್ಟಿದ್ದಾರೆ. ಮತ್ತೆ ಕಾಲೇಜು ಸೇರಿದರೂ ಬೀಡಿ ಕಟ್ಟುವುದು ಬಿಡುವ ಹಾಗಿರಲಿಲ್ಲ, ಹಾಜರಾತಿ ಕಮ್ಮಿ ಆಯಿತು, ಪರೀಕ್ಷೆಗೆ ಕೂರಿಸುವುದಿಲ್ಲ ಎಂದರು. ಒಂದು ಅವಕಾಶ ಕೊಡಿ, ಅಂಕ ಬರದಿದ್ದರೆ ನಾನೇ ಬಿಟ್ಟು ಹೋಗುತ್ತೇನೆ ಅಂತ ಕೇಳಿಕೊಂಡು ಬರೆದರು, ತರಗತಿಗೇ ಮೊದಲು ಬಂದರು. ಆಮೇಲೆ ಕೋಯಿಕ್ಕೋಡ್‌ನಲ್ಲಿ ಹೋಟೆಲ್ ಒಂದರಲ್ಲಿ ಕೋಣೆ ಸ್ವಚ್ಛ ಮಾಡುವ ಕೆಲಸ ಮಾಡುತ್ತಾ ಕಾನೂನು ಓದಿ 1995ರಲ್ಲಿ ಮುಗಿಸಿದರು. ಕಾಸರಗೋಡು ಜಿಲ್ಲೆಯದೇ ಆದ ಹೊಸದುರ್ಗದ ಕೋರ್ಟಿನಲ್ಲಿ ಸುಮಾರು ಹತ್ತು ವರ್ಷ ವಕೀಲಿಕೆ, ನಂತರ ದೆಹಲಿ. 2007ರಲ್ಲಿ ನರ್ಸ್ ಆಗಿದ್ದ ಹೆಂಡತಿಗೆ ಅಮೆರಿಕದಲ್ಲಿ ಕೆಲಸ ಸಿಕ್ಕಿದ ಮೇಲೆ ಹ್ಯೂಸ್ಟನ್‌ಗೆ ಬಂದರು. ಇಲ್ಲಿ ಮೊದಲು ದಿನಸಿ ಅಂಗಡಿಯಲ್ಲಿ ಕೆಲಸ. ಎರಡು ವರ್ಷದಲ್ಲಿ ಇಲ್ಲಿ ವಕೀಲರಾಗಲು ಬೇಕಾದ ಟೆಕ್ಸಾಸ್ ಬಾರ್ ಪರೀಕ್ಷೆ ಮೊದಲ ಸಲಕ್ಕೇ ಪಾಸ್. 2011ರಲ್ಲಿ ಹ್ಯೂಸ್ಟನ್ ವಿಶ್ವವಿದ್ಯಾಲಯದಲ್ಲಿ ಎಲ್‌ಎಲ್‌ಎಂ. 2017ರಲ್ಲಿ ಪೌರತ್ವ, 2023ರ ಜನವರಿ 1ರಂದು ಜಡ್ಜ್ ಆಗಿ ಪ್ರಮಾಣ.

ಪೌರತ್ವ ಸಿಕ್ಕಿ ಐದೇ ವರ್ಷಕ್ಕೆ ಜನ ಮತ ಹಾಕಿ ಆ ಕುರ್ಚಿಯಲ್ಲಿ ಕೂರಿಸಿದ್ದಾರೆ. ಇದನ್ನು ಓದಿ ಕಣ್ಣು ತುಂಬಿ ಬಂತು. ಆದರೆ ನನ್ನ ಪ್ರಶ್ನೆ ಹಾಗೇ ಇದೆ. ಇವರ ಕಥೆ ದೊಡ್ಡದು, ಸರಿ. ಇವರು ಒಳ್ಳೆಯ ಜಡ್ಜ್ ಹೌದೋ ಅಲ್ಲವೋ ಅಂತ ನಾನು ಹೇಗೆ ತಿಳಿಯಲಿ? ನಾಲ್ಕು ವರ್ಷದ ಅವಧಿ, 2026ರಲ್ಲಿ ಆ ಸ್ಥಾನಕ್ಕೆ ಮತ್ತೆ ಚುನಾವಣೆ. ನೀವೆಲ್ಲ ಹೇಗೆ ಹಾಕುತ್ತೀರಿ?

ಚಂದ್ರಗಿರಿ ತೀರ:

ಗೌಡ್ರೇ, ನಾನು ಕಾಸರಗೋಡಿನವನು, ಮನೆ ಮಾತು ಕನ್ನಡ. ಪಟ್ಟೇಲ್ ಅವರ ಊರು ಬಳಾಲ್ ನಮ್ಮ ಜಿಲ್ಲೆಯ ತೆಂಕಣ ಭಾಗದ ಗುಡ್ಡಗಾಡು. ಚಂದ್ರಗಿರಿ ಹೊಳೆ ದಾಟಿದರೆ ಆ ಕಡೆ ಮಲಯಾಳ ಜಾಸ್ತಿ, ಈ ಕಡೆ ಕನ್ನಡ ತುಳು ಜಾಸ್ತಿ. ಹಾಗಾಗಿ ಅವರು ನಮ್ಮ ಕನ್ನಡಿಗರು ಅಂತ ಯಾರೂ ಬರೆಯುವುದು ಬೇಡ, ಅವರು ಮಲಯಾಳಿ. ಆದರೆ ಹೊಸದುರ್ಗ ಅನ್ನುವ ಹೆಸರೇ ಕನ್ನಡ ಅಲ್ವಾ, ಅಲ್ಲಿಯ ಕೋಟೆ ಕಟ್ಟಿಸಿದವರು ಕೆಳದಿಯ ಅರಸರು. 1956ರವರೆಗೆ ಕಾಸರಗೋಡು ಸೀಮೆಯೆಲ್ಲ ದಕ್ಷಿಣ ಕನ್ನಡಕ್ಕೇ ಸೇರಿತ್ತು.

ಬೀಡಿಯ ಬಗ್ಗೆ ಒಂದು ಮಾತು. ನಮ್ಮ ಕಡೆ, ಮಂಗಳೂರಿನ ಕಡೆ ಬೀಡಿ ಕಟ್ಟದ ಮನೆ ಸಿಗುವುದು ಕಷ್ಟ ಅನ್ನುವ ಕಾಲ ಇತ್ತು. ನಮ್ಮಮ್ಮನೂ ಕಟ್ಟಿದ್ದಾರೆ. ಎಲೆ ನೆನೆಸಿ, ಕತ್ತರಿಸಿ, ಹೊಗೆಸೊಪ್ಪು ತುಂಬಿ, ಸುತ್ತಿ, ನೂಲು ಕಟ್ಟಬೇಕು. ಸಾವಿರ ಬೀಡಿಗೆ ಇಷ್ಟು ಅಂತ ಲೆಕ್ಕ. ಸರಿ ಇಲ್ಲ ಅಂತ ಬೀಡಿ ತೆಗೆದು ಹಾಕಿದರೆ ಆ ದಿನದ ಕೂಲಿಗೆ ಕತ್ತರಿ. ಇದನ್ನು ಕಂಡ ಮನುಷ್ಯ ಜಡ್ಜ್ ಆಗಿ ಕೂತಾಗ, ವಾಯಿದೆಗೆ ಬಂದವನ ಒಂದು ದಿನದ ಕೂಲಿ ಹೋಯಿತು ಅಂತ ಅವನಿಗೆ ಯಾರೂ ಹೇಳಿಕೊಡಬೇಕಿಲ್ಲ.

ಇನ್ನೊಂದು ವಿಷಯ ನಿಮಗೆ ಗೊತ್ತಿದೆಯೋ ಇಲ್ಲವೋ. ನಿಮ್ಮ ಕೌಂಟಿಯಲ್ಲೇ ಜೂಲಿ ಮ್ಯಾಥ್ಯೂ ಅಂತ ಇನ್ನೊಬ್ಬ ಜಡ್ಜ್ ಇದ್ದಾರೆ, 2018ರಲ್ಲಿ ಮೊದಲು ಗೆದ್ದವರು. ಹುಟ್ಟೂರು ತಿರುವಲ್ಲ, ಗಂಡನ ಮನೆ ನಮ್ಮ ಜಿಲ್ಲೆಯ ಭೀಮನಡಿ. 2023ರ ಜನವರಿಯಲ್ಲಿ ಎರಡನೇ ಅವಧಿಗೆ ಭೀಮನಡಿಯ ಮನೆಯಿಂದಲೇ ವಿಡಿಯೋ ಮೂಲಕ ಪ್ರಮಾಣ ಮಾಡಿದರು. ಒಂದೇ ಸಲಕ್ಕೆ ಒಂದೇ ಕೌಂಟಿಯ ಇಬ್ಬರು ಜಡ್ಜ್‌ಗಳಿಗೆ ನಮ್ಮ ಜಿಲ್ಲೆಯ ನಂಟು. ಇಲ್ಲಿ ಎಲ್ಲರೂ ಅದನ್ನೇ ಮಾತಾಡುತ್ತಿದ್ದರು.

ಧಾರವಾಡದ ವಕೀಲ:

ಕಥೆ ಚಲೋ ಇದೆ, ಅವರ ಮೇಲೆ ನನಗೆ ಗೌರವ ಇದೆ. ಆದರೂ ಜಡ್ಜ್‌ರನ್ನು ಮತ ಹಾಕಿ ಆರಿಸುವುದು ನನಗೆ ಒಪ್ಪಿಗೆ ಆಗುವುದಿಲ್ಲ. ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮಲ್ಲಿ ಸಿವಿಲ್ ಜಡ್ಜ್ ಆಗಬೇಕು ಅಂದರೆ ಹೈಕೋರ್ಟ್ ನಡೆಸುವ ಪರೀಕ್ಷೆ. ಪೂರ್ವಭಾವಿ, ಮುಖ್ಯ ಪರೀಕ್ಷೆ, ಆಮೇಲೆ ಸಂದರ್ಶನ. ತರ್ಜುಮೆ ಪತ್ರಿಕೆಯೂ ಇರುತ್ತದೆ, ಕನ್ನಡದಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಕನ್ನಡಕ್ಕೆ. ತಾಲೂಕು ಕೋರ್ಟಿನಲ್ಲಿ ಸಾಕ್ಷಿ ಹೇಳುವವನು ಕನ್ನಡದಲ್ಲೇ ಹೇಳುತ್ತಾನೆ, ಅದು ಅರ್ಥ ಆಗದ ಜಡ್ಜ್ ಇದ್ದು ಏನು ಉಪಯೋಗ? ಜಿಲ್ಲಾ ನ್ಯಾಯಾಧೀಶರ ಹುದ್ದೆಗೆ ವಕೀಲರಿಂದ ನೇರವಾಗಿ ಬರುವವರಿಗೆ ಏಳು ವರ್ಷದ ವಕೀಲಿಕೆ ಬೇಕು ಅಂತ ಸಂವಿಧಾನದ 233ನೇ ವಿಧಿಯಲ್ಲೇ ಇದೆ. 2025ರ ಮೇ 20ರಂದು ಸುಪ್ರೀಂ ಕೋರ್ಟ್, ಸಿವಿಲ್ ಜಡ್ಜ್ ಪರೀಕ್ಷೆಗೂ ಮೂರು ವರ್ಷದ ವಕೀಲಿಕೆ ಇರಲೇಬೇಕು ಅಂತ ಮತ್ತೆ ತಂದಿತು. 2002ರಲ್ಲಿ ಆ ನಿಯಮ ತೆಗೆದಿದ್ದರು, ಕರ್ನಾಟಕದವರೇ ಆದ ಕೆ. ಜಗನ್ನಾಥ ಶೆಟ್ಟಿ ಅವರ ಆಯೋಗದ ಶಿಫಾರಸಿನ ಮೇಲೆ. ಕಾಲೇಜು ಮುಗಿಸಿ ಸೀದಾ ಬಂದು ಕೂತ ಹುಡುಗರ ಮುಂದೆ ನಾನು ವಾದ ಮಾಡಿದ್ದೇನೆ. ಪುಸ್ತಕ ಎಲ್ಲಾ ಬಾಯಿಪಾಠ. ಆದರೆ ಸಾಕ್ಷಿ ಯಾಕೆ ತಡವರಿಸುತ್ತಾನೆ, ಹೆದರಿಕೆಗೋ ಸುಳ್ಳಿಗೋ ಅನ್ನುವುದು ಗೊತ್ತಾಗುತ್ತಿರಲಿಲ್ಲ. ಅದು ಕೋರ್ಟಿನ ಕಟ್ಟೆಯ ಮೇಲೆ ಕೂತೇ ಬರಬೇಕು.

ಗೌಡ್ರು ಹೇಳಿದ ಆರು ಜನ ಜಡ್ಜ್ ಬದಲಾದ ಕಷ್ಟ ನಿಜ. ವರ್ಗಾವಣೆ ಯಾಕಿದೆ ಅಂದರೆ, ಒಂದೇ ಊರಿನಲ್ಲಿ ಬೇರು ಬಿಟ್ಟರೆ ಅದು ನಮ್ಮವರು ಇದು ನಿಮ್ಮವರು ಅಂತ ಶುರುವಾಗುತ್ತದೆ. ಇನ್ನು ಚುನಾವಣೆ ಇಟ್ಟರೆ? ನಮ್ಮ ಊರಿನಲ್ಲಿ ಜಡ್ಜ್ ಚುನಾವಣೆ ನಡೆದರೆ ಯಾವ ಜಾತಿಯವರಿಗೆ ಟಿಕೆಟ್ ಅಂತ ಮೊದಲು ಕೇಳುತ್ತಾರೆ. ಗೆದ್ದವರ ಮುಂದೆ ಸೋತ ಜಾತಿಯವನು ದಾವೆ ಹಾಕಲು ಧೈರ್ಯ ಮಾಡುತ್ತಾನೆಯೇ?

ಹ್ಯೂಸ್ಟನ್ ಹಳಬ:

ವಕೀಲ್ರೇ, ನಿಮ್ಮ ಭಯ ನನಗೂ ಇತ್ತು. ನಾನು ಪಕ್ಕದ ಹ್ಯಾರಿಸ್ ಕೌಂಟಿಯಲ್ಲಿ ಇಪ್ಪತ್ತು ವರ್ಷಕ್ಕೂ ಜಾಸ್ತಿ ಮತ ಹಾಕಿದವನು. ಕಂಡದ್ದನ್ನು ಹೇಳುತ್ತೇನೆ.

ಮೊದಲು ಹೊಸಬರಿಗೆ ಒಂದು ಗೊಂದಲ ಬಿಡಿಸಬೇಕು. ಟೆಕ್ಸಾಸ್‌ನಲ್ಲಿ ಕೌಂಟಿ ಜಡ್ಜ್ ಅಂದರೆ ಕೌಂಟಿಯ ಆಡಳಿತ ನಡೆಸುವವರು, ರಸ್ತೆ, ಬಜೆಟ್, ಚಂಡಮಾರುತ ಬಂದಾಗ ಜನರನ್ನು ಊರು ಬಿಡಿಸುವುದು ಇಂಥದ್ದು. ಹೆಸರಿಗೆ ಜಡ್ಜ್. ಕೊಲೆ, ದರೋಡೆಯಂಥ ದೊಡ್ಡ ಕೇಸು, ವಿಚ್ಛೇದನ, ಜಮೀನಿನ ಹಕ್ಕು ಇದೆಲ್ಲ ಡಿಸ್ಟ್ರಿಕ್ಟ್ ಕೋರ್ಟಿನದು. ಸಣ್ಣ ಅಪರಾಧಗಳು ಕೌಂಟಿ ಕೋರ್ಟ್ ಅಟ್ ಲಾ ಅನ್ನುವಲ್ಲಿ. ಇನ್ನೂ ಕೆಳಗೆ ಜಸ್ಟಿಸ್ ಆಫ್ ದ ಪೀಸ್, ಬಾಡಿಗೆ ಮನೆ ಖಾಲಿ ಮಾಡಿಸುವಂಥ ಕೇಸು. ಆ ಸ್ಥಾನಕ್ಕೆ ಕಾನೂನು ಓದಿರಲೇಬೇಕು ಅಂತಲೂ ಇಲ್ಲ. ಈ ಎಲ್ಲರಿಗೂ ನಾವೇ ಮತ ಹಾಕಬೇಕು. ಮಧ್ಯದಲ್ಲಿ ಡಿಸ್ಟ್ರಿಕ್ಟ್ ಜಡ್ಜ್ ಸ್ಥಾನ ಖಾಲಿ ಆದರೆ ಗವರ್ನರ್ ನೇಮಿಸುತ್ತಾರೆ, ಮುಂದಿನ ಚುನಾವಣೆಯಲ್ಲಿ ಮತ್ತೆ ಜನರ ಮುಂದೆ ಬರಬೇಕು.

2018ರಲ್ಲಿ ಏನಾಯಿತು ಅಂದರೆ, ಆಗ ಒಂದೇ ಗುಂಡಿ ಒತ್ತಿದರೆ ಒಂದು ಪಕ್ಷದ ಎಲ್ಲರಿಗೂ ಮತ ಹೋಗುವ ವ್ಯವಸ್ಥೆ ಇತ್ತು. ಸೆನೆಟ್ ಚುನಾವಣೆಯ ಬಿಸಿಯಲ್ಲಿ ಜನ ಆ ಗುಂಡಿ ಒತ್ತಿದರು. ಹಳೆಯ ಜಡ್ಜ್‌ಗಳು ಸಾಲಾಗಿ ಮನೆಗೆ ಹೋದರು. ಅದರಲ್ಲಿ ಒಳ್ಳೆಯವರೂ ಇದ್ದರು, ನನಗೆ ಗೊತ್ತಿದ್ದ ಒಬ್ಬರು ತುಂಬಾ ಶ್ರದ್ಧೆಯವರು. ಆ ರಾತ್ರಿ ನನಗೂ ಇದು ಯಾವ ನ್ಯಾಯ ಅನ್ನಿಸಿತ್ತು. ಅದೇ ರಾತ್ರಿ ಜಡ್ಜ್ ಸ್ಥಾನಕ್ಕೆ ನಿಂತಿದ್ದ 19 ಕಪ್ಪು ಹೆಣ್ಣುಮಕ್ಕಳಲ್ಲಿ 17 ಜನ ಗೆದ್ದರು. ನಮ್ಮ ಕೌಂಟಿಯಲ್ಲಿ ಅಂಥದ್ದು ಹಿಂದೆ ಯಾವತ್ತೂ ಆಗಿರಲಿಲ್ಲ.

ಆಮೇಲಿನದು ಮುಖ್ಯ. ಇಲ್ಲಿ ಸಣ್ಣ ಅಪರಾಧಕ್ಕೆ ಹಿಡಿದು ತಂದವರನ್ನು ಜಾಮೀನಿಗೆ ದುಡ್ಡಿಲ್ಲ ಅನ್ನುವ ಒಂದೇ ಕಾರಣಕ್ಕೆ ಜೈಲಿನಲ್ಲಿ ಇಡುತ್ತಿದ್ದರು. ಲೈಸೆನ್ಸ್ ಸರಿ ಇಲ್ಲದೆ ಗಾಡಿ ಓಡಿಸಿದ ಒಬ್ಬ ತಾಯಿಗೆ 2,500 ಡಾಲರ್ ಜಾಮೀನು ಹೇಳಿದ್ದರು, ಅವಳ ಹತ್ತಿರ ಇರಲಿಲ್ಲ. ದುಡ್ಡಿದ್ದವನು ಅದೇ ತಪ್ಪಿಗೆ ಅದೇ ದಿನ ಮನೆಗೆ ಹೋಗುತ್ತಿದ್ದ. ಆಕೆ 2016ರಲ್ಲಿ ದಾವೆ ಹಾಕಿದಳು. 2017ರಲ್ಲಿ ಫೆಡರಲ್ ಜಡ್ಜ್, ಅಂದರೆ ರಾಜ್ಯದ್ದಲ್ಲದ ಕೇಂದ್ರದ ಕೋರ್ಟಿನವರು, ಇದು ಸಂವಿಧಾನಕ್ಕೆ ವಿರುದ್ಧ ಎಂದರು. ಹಳೆಯ ಜಡ್ಜ್‌ಗಳಲ್ಲಿ ಹೆಚ್ಚಿನವರು ಮೇಲ್ಮನವಿ ಹಾಕಿಕೊಂಡು ಹೋರಾಡಿದರು. 2018ರಲ್ಲಿ ಗೆದ್ದ ಹೊಸಬರು ಬಂದು 2019ರಲ್ಲಿ ರಾಜಿ ಒಪ್ಪಿ ಆ ಪದ್ಧತಿಯನ್ನೇ ಬದಲಾಯಿಸಿದರು. ಒಂದು ಮತ ಜೈಲಿನ ಬಾಗಿಲು ತೆಗೆಸಿದ್ದನ್ನು ನಾನು ಕಂಡಿದ್ದೇನೆ. ಹಾಗಾಗಿ ಚುನಾವಣೆ ಬೇಡವೇ ಬೇಡ ಅನ್ನಲು ನನ್ನಿಂದ ಆಗುವುದಿಲ್ಲ.

ಆ ಒಂದೇ ಗುಂಡಿಯ ವ್ಯವಸ್ಥೆ 2020ರಿಂದ ಇಲ್ಲ. ಈಗ ಒಂದೊಂದು ಹೆಸರನ್ನೂ ಒತ್ತಬೇಕು. ಗೌಡ್ರು ಸಾಲಿನಲ್ಲಿ ಬೆವರಿದ್ದು ಅದಕ್ಕೇ.

ಸನ್ನಿವೇಲ್ ಅಮ್ಮ:

ನಾನು ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ ಕೌಂಟಿಯಿಂದ ಬರೆಯುತ್ತಿದ್ದೇನೆ. ನಮ್ಮಲ್ಲಿ ವಿಚಾರಣಾ ಕೋರ್ಟಿಗೆ ಸುಪೀರಿಯರ್ ಕೋರ್ಟ್ ಅಂತಾರೆ, ಆರು ವರ್ಷದ ಅವಧಿ, ಪಕ್ಷದ ಹೆಸರು ಇರುವುದಿಲ್ಲ. ಮತಪತ್ರದಲ್ಲಿ ಹೆಸರಿನ ಕೆಳಗೆ ಮೂರು ಪದದಲ್ಲಿ ಅವರ ಕೆಲಸ ಬರೆದಿರುತ್ತದೆ. ಆ ಮೂರು ಪದ ನೋಡಿ ಜನ ಮತ ಹಾಕುತ್ತಾರೆ. ಈಗಿರುವ ಜಡ್ಜ್ ವಿರುದ್ಧ ಯಾರೂ ನಿಲ್ಲದಿದ್ದರೆ ಅವರ ಹೆಸರು ಮತಪತ್ರಕ್ಕೇ ಬರುವುದಿಲ್ಲ, ಸುಮ್ನೆ ಮುಂದುವರಿಯುತ್ತಾರೆ.

ಆ್ಯರನ್ ಪರ್ಸ್ಕಿ ಹೆಸರು ಕೇಳಿರಬಹುದು. ಸ್ಟ್ಯಾನ್‌ಫರ್ಡ್‌ನಲ್ಲಿ ಓದುತ್ತಿದ್ದ ಈಜುಗಾರ ಹುಡುಗನೊಬ್ಬ ಪ್ರಜ್ಞೆ ಇಲ್ಲದ ಹುಡುಗಿಯ ಮೇಲೆ ದೌರ್ಜನ್ಯ ಮಾಡಿದ ಕೇಸು. ಜ್ಯೂರಿ, ಅಂದರೆ ಕೇಸು ಕೇಳಲು ಕೂರಿಸಿದ ಸಾಮಾನ್ಯ ಜನರ ತಂಡ, ಮೂರು ಅಪರಾಧಗಳಲ್ಲಿ ತಪ್ಪಿತಸ್ಥ ಎಂದಿತು. ಸರ್ಕಾರಿ ವಕೀಲರು ಆರು ವರ್ಷ ಕೇಳಿದರು. 2016ರ ಜೂನ್ 2ರಂದು ಜಡ್ಜ್ ಕೊಟ್ಟಿದ್ದು ಆರು ತಿಂಗಳು. ಹುಡುಗ ಒಳಗಿದ್ದದ್ದು ಮೂರೇ ತಿಂಗಳು. ಜೂನ್ 7ಕ್ಕೆ ಚುನಾವಣೆ ಇತ್ತು, ಪರ್ಸ್ಕಿ ಸ್ಥಾನವೂ ಅದರಲ್ಲಿತ್ತು. ಎದುರಾಳಿ ಇರಲಿಲ್ಲ, ಅರ್ಜಿ ಹಾಕುವ ದಿನ ಯಾವತ್ತೋ ಮುಗಿದಿತ್ತು. ಇಡೀ ದೇಶ ಕುದಿಯುತ್ತಿದ್ದ ವಾರದಲ್ಲೇ ಅವರಿಗೆ ಇನ್ನೊಂದು ಅವಧಿ ಸಿಕ್ಕಿತು.

ನನಗೂ ಕಾಲೇಜಿಗೆ ಹೋಗುವ ಮಗಳಿದ್ದಾಳೆ. ಆ ಹುಡುಗಿ ಕೋರ್ಟಿನಲ್ಲಿ ಓದಿದ ಪತ್ರವನ್ನು ನಾನು ಅಡುಗೆಮನೆಯಲ್ಲಿ ನಿಂತೇ ಓದಿದೆ, ಒಲೆ ಮೇಲಿದ್ದ ಸಾರು ಸೀದು ಹೋಯಿತು. ರೀಕಾಲ್‌ಗೆ, ಅಂದರೆ ಜಡ್ಜ್‌ರನ್ನು ಮಧ್ಯದಲ್ಲೇ ಇಳಿಸುವ ಮತದಾನಕ್ಕೆ ಸಹಿ ಸಂಗ್ರಹ ಮಾಡಿದಾಗ ನಾನೂ ಹಾಕಿದೆ. 2018ರ ಜೂನ್ 5ರಂದು ಸುಮಾರು ನೂರಕ್ಕೆ 62 ಜನ ಇಳಿಸಿ ಎಂದರು. ಕ್ಯಾಲಿಫೋರ್ನಿಯಾದಲ್ಲಿ 1932ರ ನಂತರ ಒಬ್ಬ ಜಡ್ಜ್‌ಗೆ ಹೀಗೆ ಆಗಿದ್ದು ಅದೇ ಮೊದಲು.

ಆಗ ಸಂತೋಷಪಟ್ಟಿದ್ದೆ. ಆದರೆ ಬಡವರ ಪರ ಸರ್ಕಾರ ಕೊಡುವ ವಕೀಲರಲ್ಲೇ ಬಹಳ ಜನ ರೀಕಾಲ್ ಬೇಡ ಎಂದಿದ್ದರು. ಜಿಲ್ಲೆಯ ಮುಖ್ಯ ಸರ್ಕಾರಿ ವಕೀಲರು ಶಿಕ್ಷೆ ತಪ್ಪು, ಆದರೂ ಇಳಿಸುವುದು ಬೇಡ ಎಂದಿದ್ದರು. ಜಡ್ಜ್‌ಗಳ ನಡತೆ ನೋಡುವ ರಾಜ್ಯದ ಆಯೋಗ ಪಕ್ಷಪಾತಕ್ಕೆ ಸಾಕ್ಷಿ ಇಲ್ಲ ಎಂದಿತ್ತು. ನಾನು ಆಗ ಅದನ್ನೆಲ್ಲ ಕೇಳಿಸಿಕೊಳ್ಳಲಿಲ್ಲ. ಆ ವಕೀಲರ ವಾದ ಸರಳ. ಒಬ್ಬ ಜಡ್ಜ್ ಕಮ್ಮಿ ಶಿಕ್ಷೆ ಕೊಟ್ಟು ಕೆಲಸ ಕಳಕೊಂಡರೆ, ಉಳಿದವರು ನಾಳೆಯಿಂದ ಎಲ್ಲರಿಗೂ ಜಾಸ್ತಿ ಶಿಕ್ಷೆ ಕೊಡುತ್ತಾರೆ. ಆ ಎಲ್ಲರಲ್ಲಿ ಹೆಚ್ಚಿನವರು ಸ್ಟ್ಯಾನ್‌ಫರ್ಡ್ ಹುಡುಗರಲ್ಲ, ಬಡವರ ಮನೆ ಹುಡುಗರು. ಕಾನೂನನ್ನು ಶಾಸಕಸಭೆ 2016ರಲ್ಲೇ ತಿದ್ದಿತ್ತು, ಪ್ರಜ್ಞೆ ಇಲ್ಲದವರ ಮೇಲೆ ಹೀಗೆ ಮಾಡಿದರೆ ಜೈಲು ಕಡ್ಡಾಯ ಅಂತ. ಬೇಕಾಗಿದ್ದು ಅದೇ ಇತ್ತೇನೋ.

ಇವತ್ತು ಆ ಮತ ಮತ್ತೆ ಹಾಕು ಅಂದರೆ ನನ್ನ ಕೈ ಯಾವ ಕಡೆ ಹೋಗುತ್ತದೆ, ನಿಜವಾಗಿ ಹೇಳಲಾರೆ.

ಧಾರವಾಡದ ವಕೀಲ:

ಅಕ್ಕಾ, ನೀವು ಬರೆದಿದ್ದು ಎರಡು ಸಲ ಓದಿದೆ. ನನ್ನ ಆತಂಕವೂ ಅದೇ. ಪೆನ್ಸಿಲ್ವೇನಿಯಾದ ವಿಚಾರಣಾ ಕೋರ್ಟುಗಳ ಶಿಕ್ಷೆಗಳನ್ನು ಲೆಕ್ಕ ಹಾಕಿದ ಇಬ್ಬರು ಸಂಶೋಧಕರು 2004ರಲ್ಲಿ ತೋರಿಸಿದರು, ಚುನಾವಣೆ ಹತ್ತಿರ ಬಂದಷ್ಟೂ ಜಡ್ಜ್‌ಗಳು ಕೊಡುವ ಶಿಕ್ಷೆ ಉದ್ದ ಆಗುತ್ತದೆ. ಅದೇ ಕಳ್ಳತನಕ್ಕೆ ಈ ವರ್ಷ ಸಿಕ್ಕಿಬಿದ್ದವನಿಗೆ ಒಂದು, ಮುಂದಿನ ವರ್ಷದವನಿಗೆ ಇನ್ನೊಂದು. ಅವನ ತಪ್ಪಿಗಲ್ಲ, ಕ್ಯಾಲೆಂಡರಿಗೆ ಸಿಕ್ಕ ಶಿಕ್ಷೆ.

ಇನ್ನು ದುಡ್ಡಿನ ವಿಷಯ. ವೆಸ್ಟ್ ವರ್ಜೀನಿಯಾದಲ್ಲಿ ಒಂದು ಕಲ್ಲಿದ್ದಲು ಕಂಪನಿಯ ಮೇಲೆ 5 ಕೋಟಿ ಡಾಲರ್ ತೀರ್ಪು ಬಂದಿತ್ತು. ಮೇಲ್ಮನವಿ ಬಾಕಿ ಇರುವಾಗಲೇ, 2004ರಲ್ಲಿ, ಆ ಕಂಪನಿಯ ಮುಖ್ಯಸ್ಥ ಸುಮಾರು 30 ಲಕ್ಷ ಡಾಲರ್ ಖರ್ಚು ಮಾಡಿ ರಾಜ್ಯದ ಮೇಲಿನ ಕೋರ್ಟಿಗೆ ಒಬ್ಬರನ್ನು ಗೆಲ್ಲಿಸಿದ. ಅವರೂ ಕೂತು ಆ ತೀರ್ಪನ್ನು 3–2ರಲ್ಲಿ ತೆಗೆದುಹಾಕಿದರು. 2009ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ಜಡ್ಜ್ ಈ ಕೇಸಿನಿಂದ ದೂರ ಇರಬೇಕಿತ್ತು ಎಂದಿತು. ಅದೂ 5–4ರಲ್ಲಿ! ನಾಲ್ಕು ಜನಕ್ಕೆ ಇದು ತಪ್ಪು ಅನ್ನಿಸಲಿಲ್ಲ ಅನ್ನುವುದು ನನಗೆ ಇವತ್ತಿಗೂ ಅರಗುವುದಿಲ್ಲ.

ಹ್ಯೂಸ್ಟನ್ ಹಳಬ:

ಅದು ಮೇಲಿನ ಕೋರ್ಟಿನ ಕಥೆ ವಕೀಲ್ರೇ, ಆದರೆ ಕೆಳಗೂ ದುಡ್ಡು ಇದೆ, ಇಲ್ಲ ಅನ್ನುವುದಿಲ್ಲ. ನಮ್ಮಲ್ಲಿ ಜಡ್ಜ್ ಸ್ಥಾನಕ್ಕೆ ನಿಂತವರಿಗೆ ದೇಣಿಗೆ ಕೊಡುವವರು ಬಹಳಷ್ಟು ವಕೀಲರೇ, ನಾಳೆ ಅವರ ಮುಂದೆ ವಾದ ಮಾಡುವವರು. 1995ರಲ್ಲಿ ಟೆಕ್ಸಾಸ್ ಆ ದೇಣಿಗೆಗೆ ಮಿತಿ ಹಾಕುವ ಕಾನೂನು ತಂದಿತು. ಯಾರು ಎಷ್ಟು ಕೊಟ್ಟರು ಅಂತ ಯಾರು ಬೇಕಾದರೂ ನೋಡಬಹುದು, ನಾನು ಪ್ರತಿ ಸಲ ಕೂತು ನೋಡುತ್ತೇನೆ. ಅರ್ಹತೆಯನ್ನೂ ಬಿಗಿ ಮಾಡಿದ್ದಾರೆ. ಡಿಸ್ಟ್ರಿಕ್ಟ್ ಜಡ್ಜ್‌ಗೆ ಹಿಂದೆ ನಾಲ್ಕು ವರ್ಷದ ಅನುಭವ ಸಾಕಿತ್ತು, 2021ರಲ್ಲಿ ಜನರೇ ಮತ ಹಾಕಿ ಅದನ್ನು ಎಂಟು ವರ್ಷ ಮಾಡಿದರು.

ಚುನಾವಣೆ ಶುರುವಾಗಿದ್ದೇ ಬೇರೆ ಕಾರಣಕ್ಕೆ ಅನ್ನುವುದನ್ನೂ ಮರೆಯಬಾರದು. ಎಲ್ಲ ಜಡ್ಜ್‌ಗಳನ್ನೂ ಜನರೇ ಆರಿಸಬೇಕು ಅಂತ ಮೊದಲು ಮಾಡಿದ ರಾಜ್ಯ ಮಿಸಿಸಿಪ್ಪಿ, 1832ರಲ್ಲಿ. ಗವರ್ನರ್‌ಗೆ, ಶಾಸಕರಿಗೆ ಬೇಕಾದವರೇ ಕುರ್ಚಿಗೆ ಬರುತ್ತಾರೆ ಅನ್ನುವ ಸಿಟ್ಟು ಜನಕ್ಕೆ ಇತ್ತು. ಆ ಸಿಟ್ಟು ನಮಗೂ ಗೊತ್ತಿರುವುದೇ ಅಲ್ವಾ.

ಪಟ್ಟೇಲ್ ಅವರ ವಿಷಯಕ್ಕೆ ಬಂದರೆ, ಪ್ರಚಾರದಲ್ಲಿ ಅವರ ಇಂಗ್ಲಿಷ್ ಉಚ್ಚಾರಣೆ ಬಗ್ಗೆ ಆಡಿಕೊಂಡರು. ಸ್ವಂತ ಪಕ್ಷದಲ್ಲೂ ಇವರು ಗೆಲ್ಲುವುದಿಲ್ಲ ಅಂದವರಿದ್ದರು. ಮಾರ್ಚ್‌ನ ಪ್ರೈಮರಿ, ಅಂದರೆ ಪಕ್ಷದ ಅಭ್ಯರ್ಥಿ ಯಾರು ಅಂತ ಆರಿಸುವ ಚುನಾವಣೆ, ದಾಟಿದರೆ ತಾನೇ ನವೆಂಬರ್. ಎಂಟು ಲಕ್ಷಕ್ಕೂ ಜಾಸ್ತಿ ಜನ ಇರುವ ಕೌಂಟಿ ಅದು. ಮೂವತ್ತು ವರ್ಷ ದಾಟಿದ ಮೇಲೆ ಈ ದೇಶಕ್ಕೆ ಬಂದು, ಇಲ್ಲಿನ ಯಾವ ದೊಡ್ಡವರ ಪರಿಚಯವೂ ಇಲ್ಲದ ಒಬ್ಬರನ್ನು ಗವರ್ನರ್ ಕರೆದು ನೇಮಿಸುತ್ತಿದ್ದರೇ? ನನಗೆ ನಂಬಿಕೆ ಇಲ್ಲ. ಮತಪೆಟ್ಟಿಗೆ ಇದ್ದದ್ದಕ್ಕೇ ಅವರು ಅಲ್ಲಿದ್ದಾರೆ.

ಮಲ್ಲೇಶ್ವರಂ ಹುಡುಗಿ:

ನಾನು ಕಾನೂನು ಕೊನೆ ವರ್ಷ ಓದುತ್ತಿದ್ದೇನೆ. ಒಂದು ಮಾತು ಹೇಳಲಾ? ನಮ್ಮ ಪರೀಕ್ಷೆಯಿಂದಲೂ ಬಡವರ ಮನೆಯವರು ಜಡ್ಜ್ ಆಗುತ್ತಿದ್ದಾರೆ, ಅದನ್ನು ಯಾರೂ ಹೇಳಲಿಲ್ಲ. ಆದರೆ ಈಗ ಮೂರು ವರ್ಷದ ವಕೀಲಿಕೆ ಕಡ್ಡಾಯ ಆದ ಮೇಲೆ ನನ್ನಂಥವರಿಗೆ ಕಷ್ಟ. ಜೂನಿಯರ್ ಆಗಿ ಸೇರಿದರೆ ಸೀನಿಯರ್ ಕೊಡುವ ದುಡ್ಡು ಬಸ್ಸಿಗೂ ಸಾಲುವುದಿಲ್ಲ. ನನ್ನ ಗೆಳತಿಯ ಮನೆಯಲ್ಲಿ ಇನ್ನೂ ಮೂರು ವರ್ಷ ಕಾಯುವುದಿಲ್ಲ, ಮದುವೆ ಮಾಡುತ್ತೇವೆ ಅನ್ನುತ್ತಿದ್ದಾರೆ. ವಕೀಲ್ ಸಾರ್ ಹೇಳಿದ ಅನುಭವ ಬೇಕು, ಒಪ್ಪುತ್ತೇನೆ. ಆ ಮೂರು ವರ್ಷ ಊಟಕ್ಕೆ ಏನು ಮಾಡಬೇಕು ಅಂತಲೂ ಯಾರಾದರೂ ಹೇಳಬೇಕಲ್ಲ.

ಧಾರವಾಡದ ವಕೀಲ:

ತಂಗಿ, ನೀನು ಹೇಳಿದ್ದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನನ್ನ ಆಫೀಸಿನಲ್ಲಿ ಇಬ್ಬರು ಜೂನಿಯರ್ ಇದ್ದಾರೆ. ಈ ತಿಂಗಳಿನಿಂದ ಅವರಿಗೆ ಜಾಸ್ತಿ ಕೊಡುತ್ತೇನೆ, ಅಷ್ಟು ನನ್ನ ಕೈಯಲ್ಲಿದೆ.

ಫೋರ್ಟ್‌ಬೆಂಡ್ ಗೌಡ:

ಮೂರು ವಾರ ಆದ ಮೇಲೆ ಬರೆಯುತ್ತಿದ್ದೇನೆ. ನಿಮ್ಮೆಲ್ಲರ ಮಾತು ಓದಿ ತಲೆ ಕೆಟ್ಟು ಹೋಗಿತ್ತು. ಕೊನೆಗೆ ಒಂದು ದಿನ ರಜೆ ಹಾಕಿ ರಿಚ್ಮಂಡ್‌ಗೆ ಹೋದೆ, ನಮ್ಮ ಕೌಂಟಿಯ ಕೋರ್ಟ್ ಇರುವುದು ಅಲ್ಲೇ. ವಿಚಾರಣೆ ಯಾರು ಬೇಕಾದರೂ ಕೂತು ನೋಡಬಹುದು, ಯಾರನ್ನೂ ಕೇಳಬೇಕಿಲ್ಲ. ಬಾಗಿಲಲ್ಲಿ ತಪಾಸಣೆ, ಬೆಲ್ಟ್ ಬಿಚ್ಚಿ, ಫೋನ್ ಸುಮ್ಮನಾಗಿಸಿ, ಹಿಂದಿನ ಬೆಂಚಿನಲ್ಲಿ ಕೂತೆ. ಯಾವ ಜಡ್ಜ್ ಅಂತ ಬರೆಯುವುದಿಲ್ಲ. ಒಂದು ಬೆಳಗ್ಗೆ ನೋಡಿ ಒಬ್ಬರಿಗೆ ಅಂಕ ಹಾಕುವುದು ತಪ್ಪು.

ಮೊದಲ ಒಂದು ಗಂಟೆ ಬರೀ ಹೆಸರು ಕರೆಯುವುದು, ದಿನಾಂಕ ಕೊಡುವುದು. ನಮ್ಮೂರಿನ ವಾಯಿದೆಯೇ. ಆಮೇಲೆ ಒಬ್ಬ ಹುಡುಗ ಬಂದ, ಇಪ್ಪತ್ತು ಇಪ್ಪತ್ತೊಂದು ಇರಬಹುದು, ಇಂಗ್ಲಿಷ್ ಬರುವುದಿಲ್ಲ, ಪಕ್ಕದಲ್ಲಿ ಸ್ಪ್ಯಾನಿಷ್ ದುಭಾಷಿ. ತಪ್ಪು ಒಪ್ಪಿಕೊಳ್ಳಲು ಬಂದಿದ್ದ. ಜಡ್ಜ್ ಒಂದು ಪ್ರಶ್ನೆ ಕೇಳಿದರು, ಹುಡುಗ ಯೆಸ್ ಅಂದ. ದುಭಾಷಿ ಹೇಳಿ ಮುಗಿಸುವ ಮೊದಲೇ ಅಂದುಬಿಟ್ಟಿದ್ದ. ಜಡ್ಜ್ ಪೆನ್ನು ಕೆಳಗಿಟ್ಟರು. ನಿಮ್ಮ ಮಾತಿನಲ್ಲೇ ಹೇಳಿ, ನಾನು ಏನು ಕೇಳಿದೆ ಅಂತ ಕೇಳಿದರು. ಹುಡುಗನಿಗೆ ಗೊತ್ತಿರಲಿಲ್ಲ. ಅವನ ವಕೀಲರ ಮುಖ ಕೆಂಪಾಯಿತು. ಜಡ್ಜ್ ಹದಿನೈದು ನಿಮಿಷ ಬಿಡುವು ಕೊಟ್ಟು, ಕೂತು ಪೂರ್ತಿ ಓದಿ ಹೇಳಿ ಅಂದರು. ಕೋಣೆ ತುಂಬಾ ಜನ ಕಾಯುತ್ತಿದ್ದರು, ಹೊತ್ತಾಗುತ್ತಿತ್ತು. ಆದರೂ ಕೊಟ್ಟರು.

ನಮ್ಮಪ್ಪ ಕಟಕಟೆಯಲ್ಲಿ ನಿಂತು, ಏನು ಕೇಳಿದರು ಅಂತ ಗೊತ್ತಾಗದೆ ಹೌದು ಸ್ವಾಮಿ ಅಂದಿದ್ದು ನೆನಪಾಯಿತು. ಅದೊಂದು ಹೌದು ಸ್ವಾಮಿಯಿಂದ ದಾವೆ ಎರಡು ವರ್ಷ ಹಿಂದೆ ಹೋಗಿತ್ತು. ಆವತ್ತು ಯಾರೂ ಪೆನ್ನು ಕೆಳಗಿಡಲಿಲ್ಲ.

ಅಲ್ಲಿಂದ ಇನ್ನೊಂದು ಕೋಣೆಗೆ ಹೋದೆ. ಆ ಜಡ್ಜ್ ವಕೀಲರ ಮಾತನ್ನು ಪೂರ್ತಿ ಕೇಳುತ್ತಲೇ ಇರಲಿಲ್ಲ, ಮಧ್ಯದಲ್ಲೇ ತಡೆದು ತಾವೇ ಮುಗಿಸುತ್ತಿದ್ದರು. ಕೆಲಸ ಬೇಗ ಬೇಗ ಆಗುತ್ತಿತ್ತು. ಇಬ್ಬರೂ ಒಂದೇ ಪಕ್ಷದವರು. ನಾನು ಇಬ್ಬರಿಗೂ ಒಂದೇ ರೀತಿ ಒತ್ತಿರುತ್ತಿದ್ದೆ.

ನಾನು ಮಾಡಬೇಕು ಅಂದುಕೊಂಡಿರುವುದು ಇಷ್ಟು. ಮುಂದಿನ ಮತಪತ್ರದಲ್ಲಿ ಇರುವವರ ಪಟ್ಟಿ ಮಾಡಿಕೊಂಡಿದ್ದೇನೆ. ತಿಂಗಳಿಗೆ ಒಂದು ಬೆಳಗ್ಗೆ ಹೋಗಿ ಕೂರುತ್ತೇನೆ, ಪಟ್ಟೇಲ್ ಅವರ ಕೋರ್ಟೂ ಸೇರಿ. ಅವರಿಗೂ ಕಥೆ ನೋಡಿ ಮತ ಹಾಕುವುದಿಲ್ಲ, ಅವರನ್ನು ನೋಡಿ ಹಾಕುತ್ತೇನೆ. ಹೊಸದಾಗಿ ನಿಲ್ಲುವವರನ್ನು ನೋಡಲು ಆಗುವುದಿಲ್ಲವಲ್ಲ ಅಂತ ಹೆಂಡತಿ ಕೇಳಿದಳು. ಅವರು ಈಗ ವಕೀಲರಾಗಿ ಅದೇ ಕೋಣೆಗಳಲ್ಲಿ ವಾದ ಮಾಡುತ್ತಿರುತ್ತಾರೆ, ಅದನ್ನು ನೋಡಬಹುದು.

ಸನ್ನಿವೇಲ್ ಅಮ್ಮ:

ಗೌಡ್ರೇ, ನಮ್ಮ ಕೋರ್ಟ್ ಮನೆಯಿಂದ ಇಪ್ಪತ್ತು ನಿಮಿಷದ ದಾರಿ. ಇಷ್ಟು ವರ್ಷದಲ್ಲಿ ಒಂದು ಸಲವೂ ಒಳಗೆ ಹೋಗಿಲ್ಲ, ಸಹಿ ಮಾತ್ರ ಹಾಕಿದೆ. ಮಗಳಿಗೆ ರಜೆ ಇದೆ. ಈ ಬುಧವಾರ ಅವಳನ್ನೂ ಕರೆದುಕೊಂಡು ಹೋಗುತ್ತೇನೆ. ಬೆಳಗ್ಗೆ ಎಷ್ಟು ಗಂಟೆಗೆ ಹೋದರೆ ಒಳ್ಳೆಯದು?

ಫೋರ್ಟ್‌ಬೆಂಡ್ ಗೌಡ:

ಒಂಬತ್ತಕ್ಕೆ ಮೊದಲೇ ಹೋಗಿ ಅಕ್ಕ. ತಪಾಸಣೆಯ ಸಾಲು ಉದ್ದ ಇರುತ್ತದೆ. ಒಂದು ಸ್ವೆಟರ್ ಇಟ್ಟುಕೊಳ್ಳಿ, ಒಳಗೆ ತುಂಬಾ ಚಳಿ.